ಈಥರಿಗೆ ಸಿಗದ ಕೊಬ್ಬು

ಹಿಟ್ಟಿನ ಗಿರಣಿಯ ಪ್ರಯೋಗಾಲಯದಲ್ಲಿ ಅವಳಿಗೆ ತಕ್ಕಡಿಯಕ್ಕ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ದಶಮಾಂಶದ ನಾಲ್ಕನೆಯ ಅಂಕಿ ಅಲುಗಾಡದೆ ನಿಲ್ಲುವವರೆಗೂ ಉಸಿರು ಬಿಗಿಹಿಡಿದು ಕೂರುವವಳು. ತೂಕದ ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ಅವರ ಜನ್ಮ ಜಾಲಾಡುವವಳು. ತರಕಾರಿ ಅಂಗಡಿಯವನಂತೂ ಅವಳು ಬಂದು ನಿಂತಳೆಂದರೆ ಕೇಳುವ ಮೊದಲೇ ಎರಡು ಈರುಳ್ಳಿ ಹೆಚ್ಚಿಗೆ ಹಾಕಿ, "ತಗೊಳ್ಳಿ ತಾಯಿ, ಹಾಗೆ ಮಾತ್ರ ನೋಡ್ಬೇಡಿ" ಎನ್ನುತ್ತಿದ್ದ.

ಓದು ಅರ್ಧಕ್ಕೇ ನಿಂತು, ಹತ್ತೊಂಬತ್ತನೆಯ ವಯಸ್ಸಿಗೆ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆಂದು ಬಂದವಳು ಅವಳು. ಆಗ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಎದುರಿಗೆ ಸಿಕ್ಕವರನ್ನು ಪಾಠ ಹೇಳದೆ ಬಿಟ್ಟವರೂ ಅಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವಾರ, ಅವಳು ಫ್ಲಾಸ್ಕಿನ ಕತ್ತಿಗೆ ಬಟ್ಟೆ ಸುತ್ತಿ ಹಿಡಿದು ಎತ್ತಿಡುತ್ತಿದ್ದುದನ್ನು ಅವರು ಕಂಡರು.

"ಬಿಸಿ ಇದೆಯೇನಮ್ಮ?"

"ಇಲ್ಲ ಸಾರ್. ಬೆರಳಲ್ಲಿ ಜಿಡ್ಡಿರುತ್ತಲ್ಲ, ಅದೂ ತೂಕಕ್ಕೆ ಬಂದುಬಿಟ್ರೆ?"

ಮೇಷ್ಟ್ರು ಅವಳನ್ನೇ ನೋಡಿದರು. ಡಿಗ್ರಿ ಹಿಡಿದು ಬಂದ ಇಬ್ಬರಿಗೆ ಒಂದು ವರ್ಷದಿಂದ ಬಡಕೊಂಡರೂ ತಲೆಗೆ ಹೋಗದ ಮಾತದು. ಮರುದಿನವೇ ಅವಳನ್ನು ನಲ್ಲಿಯ ಹತ್ತಿರದಿಂದ ಎಬ್ಬಿಸಿ ಕೊಬ್ಬಿನ ಮೇಜಿನ ಮುಂದೆ ಕೂರಿಸಿದರು. ಅಂದಿನಿಂದ ಮೇಷ್ಟ್ರು ಹಾಕಿದ ಗೆರೆ ಅವಳು ದಾಟಲಿಲ್ಲ. ತಂದೆಗೆ ಸಮಾನ ಎಂಬ ಮಾತನ್ನು ಜನ ಬಾಯಿಮಾತಿಗೆ ಆಡುತ್ತಾರೆ, ಅವಳು ಮನಸ್ಸಿನಿಂದ ಆಡುತ್ತಿದ್ದಳು.

ಕೆಲಸ ಹೇಳುವುದಕ್ಕೆ ಸುಲಭ. ಒಣಗಿಸಿದ ಐದು ಗ್ರಾಂ ಹಿಟ್ಟನ್ನು ದಪ್ಪ ಕಾಗದದ ಕೊಳವೆಯೊಳಗೆ ಹಾಕಿ, ಮೇಲೊಂದು ಹತ್ತಿಯ ಉಂಡೆ ಇಟ್ಟು, ಅದನ್ನು ಗಾಜಿನ ಸಲಕರಣೆಯೊಳಗೆ ಇಳಿಸಬೇಕು. ಕೆಳಗೆ, ಮೊದಲೇ ತೂಗಿಟ್ಟ ಫ್ಲಾಸ್ಕಿನಲ್ಲಿ ಈಥರ್. ಬಿಸಿನೀರಿನ ತೊಟ್ಟಿಯ ಕಾವಿಗೆ ಅದು ಆವಿಯಾಗಿ ಮೇಲೇರುತ್ತದೆ, ತಣ್ಣಗಾಗಿ ಹಿಟ್ಟಿನ ಮೇಲೆ ಹನಿಯುತ್ತದೆ, ತುಂಬಿದೊಡನೆ ಗುಳುಕ್ಕೆಂದು ಕೊಬ್ಬನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಹೀಗೆ ಆರು ಗಂಟೆ. ಆಮೇಲೆ ಈಥರನ್ನು ಆರಿಸಿದರೆ ಫ್ಲಾಸ್ಕಿನ ತಳದಲ್ಲಿ ಹಳದಿ ಜಿಡ್ಡು ಉಳಿಯುತ್ತದೆ. ಅದನ್ನು ಓವನ್ನಿನಲ್ಲಿಟ್ಟು, ತೇವ ಹೀರುವ ಹರಳುಗಳಿರುವ ಗಾಜಿನ ಪಾತ್ರೆಯಲ್ಲಿ ಆರಲು ಬಿಟ್ಟು ತೂಗಿದರೆ, ಹೆಚ್ಚಾದ ತೂಕವೇ ಕೊಬ್ಬು. ಫ್ಲಾಸ್ಕನ್ನು ಬೆಚ್ಚಗಿರುವಾಗಲೇ ತೂಗಿದರೆ ತಪ್ಪು, ತೇವದ ಗಾಳಿಗೆ ಬಿಟ್ಟು ತೂಗಿದರೂ ತಪ್ಪು. ಈಥರಿನ ಘಾಟಿಗೆ ಹೊಸಬರು ತಲೆ ತಿರುಗಿ ಕೂರುತ್ತಿದ್ದರು. ಅವಳಿಗೆ ಅದು ಮನೆಯ ವಾಸನೆಗಿಂತ ಹೆಚ್ಚು ಪರಿಚಿತವಾಗಿತ್ತು.

ಹದಿನಾಲ್ಕು ವರ್ಷಗಳ ಹಿಂದೆ ಗಿರಣಿಯವರು ಹೊಸ ಹಿಟ್ಟೊಂದನ್ನು ತಂದರು. ಓಟ್ಸ್ ಮತ್ತು ಮೆಕ್ಕೆಜೋಳವನ್ನು ಬೆರೆಸಿ ಬೇಯಿಸಿ, ಕಾದ ಉರುಳೆಗಳ ಮೇಲೆ ತೆಳ್ಳಗೆ ಒಣಗಿಸಿ, ಪುಡಿ ಮಾಡಿದ ಹಿಟ್ಟು. ಬಿಸಿನೀರಿಗೆ ಕಲಸಿದರೆ ಗಂಜಿ ಸಿದ್ಧ. ಬೇಯಿಸುವ ಮುಂಚಿನ ಹಿಟ್ಟಿನಲ್ಲಿ ನೂರಕ್ಕೆ ಆರರಷ್ಟು ಕೊಬ್ಬು ಬಂತು. ಬೇಯಿಸಿ ಒಣಗಿಸಿದ್ದರಲ್ಲಿ ಒಂದೂ ಚಿಲ್ಲರೆ. ಅವಳು ಮೂರು ಬಾರಿ ಮಾಡಿ ನೋಡಿ, ಮೇಷ್ಟ್ರ ಬಳಿಗೆ ಹೋದಳು.

"ಸಾರ್, ಉಳಿದ ಕೊಬ್ಬೆಲ್ಲ ಎಲ್ಲಿಗೆ ಹೋಯ್ತು?"

"ಕಾದ ಉರುಳೆ ಅಲ್ವೇನಮ್ಮ, ಸುಟ್ಟು ಹೋಗುತ್ತೆ."

ಅವಳು ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಮುಂದೆ ಕೇಳಿದವರಿಗೆಲ್ಲ ಅದನ್ನೇ ಪಾಠವಾಗಿ ಒಪ್ಪಿಸಿದಳು. ಪ್ಯಾಕೆಟ್ಟಿನ ಮೇಲೆ 'ಕೊಬ್ಬು ೧.೪' ಎಂದು ದಪ್ಪಕ್ಷರದಲ್ಲಿ ಬಂತು. ಅದೇ ವಾರ ಮೇಷ್ಟ್ರು ಅವಳನ್ನು ಕರೆದು, "ಇನ್ಮೇಲೆ ಈ ಹಿಟ್ಟಿನ ವರದಿಗೆ ನಿನ್ನ ಸಹಿನೇ ಇರ್ಲಿ. ಕೆಲಸ ಮಾಡೋಳು ನೀನು, ನನ್ನ ಹೆಸರು ಯಾಕೆ?" ಎಂದರು. ಗಾಜು ತೊಳೆಯಲು ಬಂದವಳ ಸಹಿ ಅಧಿಕೃತ ಕಾಗದದ ಮೇಲೆ! ಮನೆಗೆ ಹೋಗಿ ಗಂಡನ ಮುಂದೆ ಹಳೆಯ ಪತ್ರಿಕೆಯ ಅಂಚಿನ ತುಂಬ ಸಹಿ ಅಭ್ಯಾಸ ಮಾಡಿದಳು. ಅವನು, "ಇಷ್ಟು ಸೊಟ್ಟಗಿದ್ರೆ ಯಾವ ಬೀಗಕ್ಕೂ ಹೋಗಲ್ಲ" ಎಂದು ನಕ್ಕ.

ಗಂಡನದು ಬೀಗ ರಿಪೇರಿಯ ಕಸುಬು. ಎರಡು ರಸ್ತೆ ಕೂಡುವ ಮೂಲೆಯಲ್ಲಿ ಬೀರುವಿನಷ್ಟೇ ಅಗಲದ ಅಂಗಡಿ. ಊರಿನ ಅರ್ಧ ಮನೆಗಳ ಬೀಗದ ಕೈ ಅವನ ಕೈ ಹಾಯ್ದು ಹೋಗಿತ್ತು. ಒಂದು ಮನೆಯವರೂ ಅವನ ಮೇಲೆ ಬೊಟ್ಟು ಮಾಡಿದವರಿಲ್ಲ. ಮಾತು ಕಡಿಮೆ, ನಗು ಜಾಸ್ತಿ. ತಿನ್ನುವುದರಲ್ಲಿ ಮಾತ್ರ ಸ್ವಲ್ಪ ಚಪಲಗಾರ, ಕರಿದದ್ದು ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತಿತ್ತು.

ಮೂರು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಹೊಟ್ಟೆ ಹಿಡಿದುಕೊಂಡು ಬಿದ್ದ. ಆಸ್ಪತ್ರೆಯಲ್ಲಿ ಹನ್ನೆರಡು ದಿನ. ರಕ್ತದಲ್ಲಿ ಕೊಬ್ಬು ತೇಲುತ್ತಿದೆ, ಅದರಿಂದ ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು ಡಾಕ್ಟರು. "ಮಾತ್ರೆ ಕಾಲು ಭಾಗ, ಪಥ್ಯ ಮುಕ್ಕಾಲು ಭಾಗ. ದಿನಕ್ಕೆ ಹದಿನೈದು ಗ್ರಾಂ ಕೊಬ್ಬು ದಾಟಬಾರದು. ದಾಟಿದ್ರೆ ಮತ್ತೆ ಬರುತ್ತೆ, ಬಂದಾಗೆಲ್ಲ ಒಂದಿಷ್ಟು ಗ್ರಂಥಿ ಸತ್ತು ಹೋಗುತ್ತೆ. ಎಷ್ಟು ಸಲ ತಡ್ಕೊಳ್ಳುತ್ತೋ ನಾ ಹೇಳಲಾರೆ."

ಬೇರೆ ಹೆಂಗಸಾಗಿದ್ದರೆ ಗಾಬರಿಯಾಗುತ್ತಿದ್ದಳು. ತಕ್ಕಡಿಯಕ್ಕನಿಗೆ ಒಳಗೊಳಗೇ ಧೈರ್ಯ ಬಂತು. ಗ್ರಾಂ ಲೆಕ್ಕದಲ್ಲಿ ಕೊಬ್ಬು ಅಳೆಯಲು ಹೇಳಿದ್ದಾರೆ, ಅದೂ ಯಾರಿಗೆ! ಮರುದಿನವೇ ಮೇಷ್ಟ್ರನ್ನು ಕೇಳಿದಳು.

"ಸಾರ್, ನಮ್ಮ ಬೇಯಿಸಿದ ಹಿಟ್ಟಿನ ಗಂಜಿ ಕೊಡಬಹುದಾ ಇವರಿಗೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ಕೊಡಮ್ಮ. ನೀನೇ ಅಳೆದಿದ್ದೀಯಲ್ಲ" ಎಂದರು.

ಗಂಜಿ ಶುರುವಾಯಿತು. ಬೆಳಿಗ್ಗೆ ಒಂದು ಬಟ್ಟಲು, ರಾತ್ರಿ ಒಂದು ಬಟ್ಟಲು. ಉಳಿದದ್ದನ್ನೂ ತೂಗಿಯೇ ಬಡಿಸುತ್ತಿದ್ದಳು. ಐದು ತಿಂಗಳಿಗೆ ನೋವು ಮತ್ತೆ ಬಂತು. ಅವಳ ಲೆಕ್ಕದಲ್ಲಿ ದಿನಕ್ಕೆ ಹನ್ನೊಂದು ಗ್ರಾಂ ದಾಟಿರಲಿಲ್ಲ. ಲೆಕ್ಕ ತಪ್ಪಿಲ್ಲ ಎಂದರೆ ಗಂಡ ತಪ್ಪಿದ್ದಾನೆ ಎಂದಾಯಿತು.

"ಏನ್ ತಿಂದ್ರಿ, ನಿಜ ಹೇಳಿ."

"ನೀ ಕೊಟ್ಟಿದ್ದು ಬಿಟ್ಟು ಏನೂ ತಿಂದಿಲ್ಲ ಕಣೇ."

ಮೊದಲ ಸಲ ನಂಬಿದಳು. ಗಂಜಿಯೊಂದನ್ನು ಬಿಟ್ಟು ಬೇರೆಲ್ಲ ಕಡಿಮೆ ಮಾಡಿ, ಹಸಿವಾಗದಿರಲಿ ಎಂದು ಮಧ್ಯಾಹ್ನವೂ ಗಂಜಿಯನ್ನೇ ಕೊಟ್ಟಳು. ಮೂರೇ ತಿಂಗಳಿಗೆ ಮತ್ತೆ ಆಸ್ಪತ್ರೆ. ಎರಡನೆಯ ಸಲ ನಂಬಲಿಲ್ಲ. ಬಟ್ಟಲು ಇನ್ನೂ ದೊಡ್ಡದಾಯಿತು, ನೋವು ಇನ್ನೂ ಬೇಗ ಬಂತು. ಅವಳು ಅಂಗಡಿಯ ಅಕ್ಕಪಕ್ಕದವರನ್ನು ವಿಚಾರಿಸಿದಳು. ಅವನ ಚೀಲ ತಡಕಾಡಿದಳು. ಮಲಗಿದ್ದವನ ಬೆರಳು ಮೂಸಿ ನೋಡಿದಳು. ಒಂದು ದಿನ ಅವನ ಕರ್ಚೀಫನ್ನು ಕದ್ದುಕೊಂಡು ಹೋಗಿ, ಚೂರು ಚೂರು ಕತ್ತರಿಸಿ, ಕಾಗದದ ಕೊಳವೆಯಲ್ಲಿ ತುಂಬಿ ಈಥರಿಗೆ ಹಚ್ಚಿದಳು. ಸಂಜೆ ಬಂದು ಬಾಗಿಲಲ್ಲೇ ನಿಂತು, "ಸೊನ್ನೆ ಬಿಂದು ಸೊನ್ನೆ ನಾಲ್ಕು ಒಂದು ಎರಡು ಗ್ರಾಂ! ಕರ್ಚೀಫಲ್ಲಿ! ಬಾಯಿ ಒರೆಸ್ಕೊಂಡು ಬಂದ್ರೆ ಗೊತ್ತಾಗಲ್ಲ ಅಂದ್ಕೊಂಡ್ರಾ?" ಎಂದು ಕೂಗಾಡಿದಳು.

"ಅದು ಬೀಗಕ್ಕೆ ಬಿಡೋ ಎಣ್ಣೆ ಕಣೇ. ದಿನಾ ಕೈ ಒರೆಸ್ಕೊಳ್ತೀನಲ್ಲ."

ಯಂತ್ರದ ಎಣ್ಣೆಯಾದರೇನು, ಬಾಣಲೆಯ ಎಣ್ಣೆಯಾದರೇನು, ಈಥರ್ ಎರಡನ್ನೂ ಒಂದೇ ಥರ ಎಳೆದುಕೊಂಡು ಬರುತ್ತದೆ. ಇದನ್ನು ಹೊಸಬರಿಗೆ ಮೊದಲನೆಯ ದಿನ ಕಲಿಸುತ್ತಿದ್ದವಳೇ ಅವಳು. ಆದರೆ ಆ ಸಂಜೆ ಅವಳಿಗೆ ಬೇಕಾದದ್ದು ಉತ್ತರವಲ್ಲ, ಕಳ್ಳ. ಅವನಿಗೆ ನನ್ನ ಮೇಲೆ, ತನ್ನ ಜೀವದ ಮೇಲೆ ಇಷ್ಟೂ ಕರುಣೆಯಿಲ್ಲವಲ್ಲ ಎಂದು ಅತ್ತಳು. ಮೋಸ ಹೋದೆ ಎಂದುಕೊಂಡಳು. ಅವನು ಎರಡು ದಿನ ಸಮಾಧಾನ ಹೇಳಿ ನೋಡಿದ. ಆಮೇಲೆ ಹೇಳುವುದನ್ನು ಬಿಟ್ಟ. ಕೊಟ್ಟ ಗಂಜಿ ಕುಡಿದು ಬಟ್ಟಲು ತೊಳೆದಿಟ್ಟು ಅಂಗಡಿಗೆ ಹೋಗತೊಡಗಿದ. ಮನೆಯಲ್ಲಿ ನಗು ನಿಂತು ಹೋಯಿತು. ಎರಡು ವರ್ಷಗಳಲ್ಲಿ ಐದು ಸಲ ಆಸ್ಪತ್ರೆ ಸೇರಿದ. ಎಪ್ಪತ್ತೆರಡು ಕೆಜಿ ಇದ್ದವನು ಐವತ್ತನಾಲ್ಕಕ್ಕೆ ಬಂದ.

ಈ ನಡುವೆ ಮೇಷ್ಟ್ರು ನಿವೃತ್ತರಾದರು. ಹೋಗುವ ದಿನ ತಮ್ಮ ಪೆನ್ನನ್ನು ಅವಳಿಗೆ ಕೊಟ್ಟು ಹೋದರು.

ಅವರು ಹೋದ ಸ್ವಲ್ಪ ದಿನಕ್ಕೇ ಹೀಗಾಯಿತು. ಪಕ್ಕದ ಕೋಣೆಯಲ್ಲಿ ನಾರಿನ ಅಂಶ ಅಳೆಯುವವನು ಕಾಲು ಮುರಿದುಕೊಂಡು ರಜೆ ಹಾಕಿದ. ಅವನನ್ನು ಎಲ್ಲರೂ ನಾರಿನಣ್ಣ ಎನ್ನುತ್ತಿದ್ದರು. ಅವನ ಕೆಲಸ ಅವಳ ಕೆಲಸ ಮುಗಿದಲ್ಲಿಂದ ಶುರುವಾಗುತ್ತಿತ್ತು. ಈಥರಿನಲ್ಲಿ ಕೊಬ್ಬೆಲ್ಲ ತೆಗೆದ ಮೇಲೆ ಕಾಗದದ ಕೊಳವೆಯಲ್ಲಿ ಉಳಿದ ಒಣ ಹಿಟ್ಟನ್ನು ಅವಳು ಅವನಿಗೆ ಕೊಡುತ್ತಿದ್ದಳು. ಅವನು ಅದನ್ನು ಆಮ್ಲದಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ಉಳಿದ ನಾರನ್ನು ತೂಗುತ್ತಿದ್ದ. ಹದಿನಾಲ್ಕು ವರ್ಷ ಈ ಕೋಣೆಯಿಂದ ಆ ಕೋಣೆಗೆ ಆ ಹಿಟ್ಟು ಹೋಗಿತ್ತು. ಅವಳು ಮಾತ್ರ ಹಿಂದೆ ಹೋಗಿ ನೋಡಿರಲಿಲ್ಲ. ಈಗ ಅವಳೇ ಕುದಿಸಬೇಕಾಯಿತು.

ಬೇಯಿಸಿದ ಹಿಟ್ಟಿನ ಬೀಕರನ್ನು ಒಲೆಯಿಂದ ಇಳಿಸಿ, ಊಟ ಮಾಡಿ ಬಂದಳು. ಸೋಸುವ ಮುನ್ನ ಅಭ್ಯಾಸಬಲದಿಂದ ಬೆಳಕಿಗೆ ಹಿಡಿದಳು. ಮೇಲೆ ಸಣ್ಣ ಸಣ್ಣ ಹಳದಿ ಕಣ್ಣುಗಳು ತೇಲುತ್ತಿದ್ದವು. ಗಾಜಿನ ಅಂಚಿಗೆ ಸುತ್ತಲೂ ಜಿಡ್ಡಿನ ಉಂಗುರ. ಬೀಕರು ಸರಿಯಾಗಿ ತೊಳೆದಿಲ್ಲವೆಂದು ತನ್ನನ್ನೇ ಬೈದುಕೊಂಡು, ಹೊಸ ಬೀಕರಿನಲ್ಲಿ ಮತ್ತೆ ಕುದಿಸಿದಳು. ಮತ್ತೆ ಅದೇ. ಬೇಯಿಸದ ಹಿಟ್ಟಿನದನ್ನು ಕುದಿಸಿದಳು. ಅದರಲ್ಲಿ ಹುಡುಕಿದರೂ ಒಂದು ಕಣ್ಣಿಲ್ಲ.

ನಾರಿನಣ್ಣನಿಗೆ ಫೋನ್ ಮಾಡಿದಳು.

"ಅದಾ ಅಕ್ಕ? ಮೊದಲಿಂದ್ಲೂ ಬರುತ್ತೆ. ಮೇಷ್ಟ್ರನ್ನ ಕೇಳಿದ್ದೆ, ನೊರೆ ಕಣಯ್ಯ, ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಸೋಸು ಅಂದಿದ್ರು."

ಅವಳು ಫೋನ್ ಇಟ್ಟು ಸ್ಟೂಲಿನ ಮೇಲೆ ಕುಳಿತಳು. ಕೊಬ್ಬೆಲ್ಲ ತೆಗೆದ ಹಿಟ್ಟಿನಲ್ಲಿ ಕೊಬ್ಬು! ಹಾಗಾದರೆ ಅದು ಸುಟ್ಟು ಹೋಗಿರಲಿಲ್ಲ. ಬೇಯುವಾಗ ಹಿಟ್ಟಿನ ಪಿಷ್ಟ ಅದನ್ನು ಒಳಗೆ ಸುತ್ತಿ ಹಿಡಿದುಕೊಂಡಿತ್ತು. ಈಥರ್ ಆರು ಗಂಟೆಯಲ್ಲ, ಅರವತ್ತು ಗಂಟೆ ಗುಳುಗುಳು ಎಂದರೂ ಆ ಕೊಬ್ಬು ಅದರ ಕೈಗೆ ಸಿಗುವುದಿಲ್ಲ. ಆಮ್ಲ ಮೊದಲು ಆ ಹಿಡಿತ ಬಿಡಿಸಬೇಕು. ಮನುಷ್ಯನ ಹೊಟ್ಟೆಯಂತೂ ಅದನ್ನು ಬಿಡಿಸದೆ ಇರುವುದಿಲ್ಲ.

ಮೇಷ್ಟ್ರ ಬೀರುವಿನ ಕೆಳಗಿನ ಖಾನೆಯಲ್ಲಿದ್ದ ದಪ್ಪ ಕೈಪಿಡಿಯಲ್ಲಿ ಆ ವಿಧಾನ ಸಿಕ್ಕಿತು. ಹಿಟ್ಟನ್ನು ಮೊದಲು ಆಮ್ಲದಲ್ಲಿ ಕುದಿಸು, ಒದ್ದೆ ಕಾಗದದಲ್ಲಿ ಸೋಸು, ಹುಳಿ ಹೋಗುವವರೆಗೆ ತೊಳೆ, ಕಾಗದದ ಸಮೇತ ಒಣಗಿಸಿ ಆಮೇಲೆ ಈಥರಿಗೆ ಹಚ್ಚು. 'ಬೇಯಿಸಿದ ಧಾನ್ಯಗಳಿಗೆ ಕಡ್ಡಾಯ' ಎಂಬ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ. ಪಕ್ಕದಲ್ಲಿ ಮೇಷ್ಟ್ರ ಮುತ್ತಿನಂಥ ಅಕ್ಷರ: '೫.೮'. ಕೆಳಗೆ ತಾರೀಕು. ಅವಳಿಗೆ ಸಹಿಯ ಅಧಿಕಾರ ಕೊಟ್ಟ ವಾರದ್ದು.

ಅಕ್ಷರ ನೋಡಿ ಮುಗಿಸಿ ಕೂರುವವಳಲ್ಲ ಅವಳು. ಮೂರು ದಿನ, ಮೂರು ಬಾರಿ ಮಾಡಿದಳು. ಐದು ಬಿಂದು ಎಂಟು, ಐದು ಬಿಂದು ಎಂಟು, ಐದು ಬಿಂದು ಎಂಟು. ಗಂಡನ ದೊಡ್ಡ ಬಟ್ಟಲುಗಳ ಲೆಕ್ಕ ಹಾಕಿದಳು. ಗಂಜಿ ಒಂದರಿಂದಲೇ ಹದಿನೈದು ಗ್ರಾಂ ತುಂಬುತ್ತಿತ್ತು. ಅವನು ಹೊರಗೆ ತಿನ್ನುತ್ತಿರಲಿಲ್ಲ. ಅವಳೇ ಮನೆಯಲ್ಲಿ, ತೂಗಿ ತೂಗಿ, ತಿನ್ನಿಸುತ್ತಿದ್ದಳು. ತೂಕದ ಕೋಣೆಯ ಬಾಗಿಲು ಹಾಕಿಕೊಂಡು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಆಮೇಲೆ ಮುಖ ತೊಳೆದು ಹೊಸ ವರದಿ ಬರೆದಳು. ಎರಡೂ ವಿಧಾನದ ಅಂಕಿಗಳನ್ನು ಪಕ್ಕಪಕ್ಕ ಬರೆದು, ಹದಿನಾಲ್ಕು ವರ್ಷಗಳ ವರದಿಗಳು ತಪ್ಪು ಎಂದು ಬರೆದು, ಸಹಿ ಹಾಕಿ, ಗಿರಣಿಯ ಮ್ಯಾನೇಜರ ಕೈಗೇ ಕೊಟ್ಟು ಬಂದಳು. ಅಲ್ಲಿಂದ ನೇರವಾಗಿ ಮೇಷ್ಟ್ರ ಮನೆಗೆ ಹೋದಳು.

ಮೇಷ್ಟ್ರು ಹಿತ್ತಲಲ್ಲಿ ಹೂವಿನ ಕುಂಡಕ್ಕೆ ಮಣ್ಣು ತುಂಬುತ್ತಿದ್ದರು. "ಬಾಮ್ಮ ಬಾ, ಎಷ್ಟು ದಿನ ಆಯ್ತು!" ಎಂದು ಕೈ ಒರೆಸಿಕೊಂಡು ಎದ್ದರು. ಅವಳು ಕೂರಲಿಲ್ಲ.

"ಐದು ಬಿಂದು ಎಂಟು ಸಾರ್."

ಅವರ ಕೈ ನಿಂತಿತು. ಯಾವುದರ ಮಾತು ಎಂದು ಅವರು ಕೇಳಲಿಲ್ಲ. ಕೇಳದೆ ಇದ್ದದ್ದೇ ಅವಳಿಗೆ ಸಾಕಾಗಿತ್ತು.

"ನೋಡಮ್ಮ, ಗಿರಣಿಯವರು ಈಥರಿನ ಅಂಕಿ ಸಾಕು ಅಂದ್ರು. ಈಥರಿನ ಅಂಕಿ ಕೊಟ್ವಿ. ನೀನು ಅಳೆದಿದ್ದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ."

"ಪ್ಯಾಕೆಟ್ ಮೇಲೆ ಈಥರ್ ಅಂತ ಬರೆದಿಲ್ಲ ಸಾರ್. ಕೊಬ್ಬು ಅಂತ ಬರೆದಿದೆ."

"ಆಗ ನಾನು ಬೇಡ ಅಂದಿದ್ರೆ ಇನ್ನೊಬ್ಬನ್ನ ತಂದು ಕೂರಿಸ್ತಿದ್ರು."

"ಅದು ಬಿಡಿ. ಇವರಿಗೆ ಗಂಜಿ ಕೊಡ್ಲಾ ಅಂತ ಕೇಳಿದ್ನಲ್ಲ, ಅವತ್ತು? ಬೇರೆ ಯಾರಿಗೂ ಹೇಳ್ಬೇಡಿ, ನನಗೊಬ್ಬಳಿಗೆ ಹೇಳಬಹುದಿತ್ತು. ಬೇಡಮ್ಮ ಅಂತ ಒಂದು ಮಾತು ಅಂದಿದ್ರೆ ಸಾಕಾಗಿತ್ತು. ಯಾಕೆ ಅಂತಲೂ ನಾನು ಕೇಳ್ತಿರಲಿಲ್ಲ ಸಾರ್. ನೀವು ಹೇಳಿದ್ದನ್ನ ಯಾವತ್ತು ಕೇಳಿದ್ದೆ ನಾನು, ಯಾಕೆ ಅಂತ?"

ಮೇಷ್ಟ್ರು ಕುಂಡದ ಮಣ್ಣನ್ನು ಬೆರಳಿಂದ ಒತ್ತಿದರು. "ಸ್ವಲ್ಪ ಕುಡಿದ್ರೆ ಏನೂ ಆಗಲ್ಲ ಅಂದ್ಕೊಂಡೆ" ಎಂದರು. ಆಮೇಲೆ, "ಈಗೇನ್ ಮಾಡ್ತೀಯ?" ಎಂದರು.

"ಬರೆದು ಕೊಟ್ಟಾಯ್ತು. ಮ್ಯಾನೇಜರ ಹತ್ರ ಇದೆ."

ಅವರ ಮುಖ ಬಿಳಿಚಿಕೊಂಡಿತು. "ನನ್ನ ಹೆಸರು ಬರೆದಿದ್ದೀಯಾ?"

"ನಿಮ್ಮ ಹೆಸರು ಎಲ್ಲಿಂದ ಬರುತ್ತೆ ಸಾರ್? ಹದಿನಾಲ್ಕು ವರ್ಷದ ಕಾಗದದಲ್ಲೂ ನನ್ನ ಸಹಿನೇ ಇರೋದು."

ಮೇಷ್ಟ್ರು ಉಸಿರು ಬಿಟ್ಟರು. ಎದೆಯ ಭಾರ ಇಳಿದವರ ಉಸಿರು ಅದು. ತಡೆಯಲು ನೋಡಿದರೂ ತಡೆಯಲಾಗಲಿಲ್ಲ. ಅವಳು ಅದನ್ನು ಕಣ್ಣಾರೆ ಕಂಡಳು. ಸುಳ್ಳು ಹೇಳಿದ್ದು, ಮುಚ್ಚಿಟ್ಟದ್ದು, ತನ್ನ ಸಹಿಯ ಹಿಂದೆ ಅಡಗಿದ್ದು ಎಲ್ಲವನ್ನೂ ನುಂಗಿಕೊಳ್ಳಬಹುದಿತ್ತೋ ಏನೋ, ಆ ಒಂದು ಉಸಿರನ್ನು ನುಂಗಲು ಅವಳಿಂದ ಆಗಲಿಲ್ಲ. ಅವರ ಹೆಂಡತಿ ಒಳಗಿನಿಂದ ಕಾಫಿ ತಂದರು. "ಇವತ್ತು ಬೇಡಮ್ಮ" ಎಂದು ಹೇಳಿ ಹೊರಟುಬಂದಳು.

ಮನೆಗೆ ಬಂದಾಗ ಗಂಡ ಜಗುಲಿಯ ಮೇಲೆ ಕುಳಿತು ಬೀಗದ ಕೈಯೊಂದಕ್ಕೆ ಅರ ಹಾಕುತ್ತಿದ್ದ. ಈಚೆಗೆ ಅಂಗಡಿಯಲ್ಲಿ ಇಡೀ ದಿನ ಕೂರಲು ಆಗುತ್ತಿರಲಿಲ್ಲ. ಅವಳು ಚಪ್ಪಲಿಯನ್ನೂ ಬಿಡದೆ ಅವನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದಳು. ಹಿಟ್ಟು, ಆಮ್ಲ, ಪೆನ್ಸಿಲಿನ ಗೆರೆ, ಮೇಷ್ಟ್ರು. ಹೇಳುತ್ತ ಹೇಳುತ್ತ ಸಿಟ್ಟು ಉಕ್ಕಿ ಬಂತು. "ಇಪ್ಪತ್ತೇಳು ವರ್ಷ ನಂಬಿದ್ದೆ ರೀ. ಕುತ್ತಿಗೆ ಕೊಯ್ದ್ರು. ನಂಬಿಸಿ ಕುತ್ತಿಗೆ ಕೊಯ್ದ್ರು."

ಅವನು ಅರ ಕೆಳಗಿಟ್ಟ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ಸಂತೋಷವೂ ಇರಲಿಲ್ಲ.

"ಎಷ್ಟು ಸಲ ಮಾಡಿ ನೋಡ್ದೆ?"

"ಮೂರು ಸಲ."

"ಮೂರು ಸಲವೂ ಅದೇ ಬಂತಾ?"

"ಅದೇ ಬಂತು ರೀ. ಅದಕ್ಕೇ ಗೊತ್ತಾಯ್ತು ನಿಜ ಅಂತ."

"ನೀ ಕೇಳಿದಾಗೆಲ್ಲ ನಾನೂ ಒಂದೇ ಮಾತು ಹೇಳ್ದೆ" ಎಂದ ಅವನು.

ಅವಳ ಉತ್ತರಕ್ಕೆ ಅವನು ಕಾಯಲಿಲ್ಲ. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಎದ್ದ. ಅವಳು ಆಸರೆಗೆಂದು ಚಾಚಿದ ಕೈಯನ್ನು ಮೆಲ್ಲಗೆ ಸರಿಸಿ ಒಳಗೆ ಹೋದ.